ಹೋಗ್ತೀನಿ, ಹೋಗಾಕತ್ತೀನಿ

ಸಿಂಪಲ್ ಪ್ರೆಸೆಂಟ್ ಟೆನ್ಸ್. ಈ ಹೆಸರಿನಲ್ಲಿರೋ ಮೂರು ಪದಗಳಲ್ಲಿ ಮೊದಲಿನ ಎರಡನ್ನು ನಂಬೋಕಾಗಲ್ಲ. ಅದು ಸಿಂಪಲ್ ಅಲ್ಲ, ಬಹಳ ಸಲ ಪ್ರೆಸೆಂಟೂ ಅಲ್ಲ. ಮೂರನೆಯದು ಮಾತ್ರ ನಿಜ. ಇಂಟರ್‌ವ್ಯೂ ರೂಮಿನ ಹೊರಗೆ ಫೈಲ್ ಹಿಡ್ಕೊಂಡು ಕೂತವರನ್ನ ನೋಡಿ, ಎಲ್ಲರೂ ಟೆನ್ಸ್.

ನಮ್ಮಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದ ಬಹಳ ಜನ ಇದನ್ನು ಮಗ್ಗಿ ಥರ ಕಲಿತವರು. ಐ ಗೋ, ವಿ ಗೋ, ಯೂ ಗೋ, ದೇ ಗೋ, ಹಿ ಗೋಸ್, ಶಿ ಗೋಸ್, ಇಟ್ ಗೋಸ್. ಪಕ್ಕದಲ್ಲಿ ಕನ್ನಡದಲ್ಲಿ 'ವರ್ತಮಾನ ಕಾಲ' ಅಂತ ಬರೆದು ಕೆಳಗೆ ಗೆರೆ. ವರ್ತಮಾನ ಅಂದ್ರೆ ಈಗ. ಈಗ ನಡೀತಿರೋದು. ಅಲ್ಲಿಗೆ ಮುಗೀತು. ಆಮೇಲೆ 'ಪ್ರೆಸೆಂಟ್ ಕಂಟಿನ್ಯೂಯಸ್' ಬಂದಾಗ ಅದೂ ಈಗ ನಡೀತಿರೋದೇ ಅಂದ್ರು. ಎರಡೂ 'ಈಗ' ಆದ್ರೆ ಎರಡು ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಆ ಪಾಠಕ್ಕೆ ನಾನು ವಾಪಸ್ ಹೋಗಿದ್ದು ಚಿಕ್ಕಮ್ಮನ ಮಗಳ ದೆಸೆಯಿಂದ. ಬ್ಯಾಡಗಿ ಹತ್ತಿರದ ಊರು ಅವಳದ್ದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಇಂಟರ್‌ವ್ಯೂ ಬಂತು ಅಂತ ಮೂರು ವಾರ ಮುಂಚೆನೇ ನಮ್ಮ ಮನೆಗೆ ಬಂದಳು. ನನ್ನ ಕಾಲ್‌ಗಳು ಮುಗಿಯೋದು ರಾತ್ರಿ ಒಂಬತ್ತಕ್ಕೆ. ಊಟ ಆದ ಮೇಲೆ ಡೈನಿಂಗ್ ಟೇಬಲ್ ಒರೆಸಿ ಇಬ್ಬರೂ ಕೂರ್ತಿದ್ವಿ. ಮೊದಲ ದಿನವೇ ಹೇಳಿದಳು, "ಅಕ್ಕಾ, ರೂಲ್ ಎಲ್ಲಾ ಗೊತ್ತೈತಿ. ಬಾಯಿ ತಗದ್ರ ಬರೂದಿಲ್ಲ."

ಅವಳು ಬರೆದು ತಂದಿದ್ದ ಪರಿಚಯದ ನಾಲ್ಕು ಸಾಲು ಹೀಗಿತ್ತು. 'ಮೈ ಫಾದರ್ ಈಸ್ ಡ್ರೈವಿಂಗ್ ಲಾರಿ. ಐ ಆಮ್ ಹ್ಯಾವಿಂಗ್ ಒನ್ ಬ್ರದರ್. ಐ ಆಮ್ ನೋಯಿಂಗ್ ಟ್ಯಾಲಿ. ಐ ಆಮ್ ಲೈಕಿಂಗ್ ಅಕೌಂಟ್ಸ್.' ಇಂಥ ಇಂಗ್ಲಿಷ್ ಕೇಳಿ ನಗೋದು ನಮ್ಮ ಆಫೀಸುಗಳಲ್ಲಿ ಹಳೇ ಚಾಳಿ. ನಗೋ ಮುಂಚೆ ಒಂದು ವಿಷಯ ಗಮನಿಸಿ. ನಾಲ್ಕು ಸಾಲಿನಲ್ಲೂ ಒಂದೇ ತಪ್ಪು. ಅಂದ್ರೆ ಅವಳಿಗೆ ಗೊತ್ತಿಲ್ಲದಿರೋದು ನಾಲ್ಕು ವಿಷಯ ಅಲ್ಲ, ಒಂದೇ ವಿಷಯ. ಅದು ಸಿಕ್ಕಿದ್ರೆ ನಾಲ್ಕೂ ಸರಿಹೋಗುತ್ತೆ.

ನನಗೆ ಅದಕ್ಕಿಂತ ಬೇಜಾರಾಗಿದ್ದು ಬೇರೆ. ಇಂಗ್ಲಿಷ್ ಬರಲ್ಲ ಅನ್ನೋ ನಾಚಿಕೆ ಜೊತೆಗೆ ಅವಳಿಗೆ ಕನ್ನಡದ್ದೂ ನಾಚಿಕೆ ಇತ್ತು. ಇಲ್ಲಿ ಒಂದು ಕೋಚಿಂಗ್ ಕ್ಲಾಸಿನ ಡೆಮೋಗೆ ಹೋಗಿದ್ದಾಗ ಅವಳು ಫೋನಿನಲ್ಲಿ "ಕ್ಲಾಸಿಗೆ ಹೋಗಾಕತ್ತೀನಿ" ಅಂದಿದ್ದು ಕೇಳಿ ಪಕ್ಕದ ಹುಡುಗೀರು ಕಿಸಕ್ಕಂದ್ರಂತೆ. ಅವತ್ತಿನಿಂದ ಅಂಗಡಿಯವನ ಹತ್ರನೂ 'ಹೋಗ್ತಾ ಇದೀನಿ' ಅಂತ ತೂಕ ಮಾಡಿ ಮಾತಾಡ್ತಿದ್ಳು. ನಮ್ಮನೇಲಿ ಮಾತ್ರ ಬ್ಯಾಡಗಿ ಕನ್ನಡ ಆಚೆ ಬರ್ತಿತ್ತು.

ಆ ಕನ್ನಡದಲ್ಲೇ ಕೀಲಿಕೈ ಇತ್ತು.

ಎರಡನೇ ದಿನ ನಾನು ಕೇಳಿದೆ, "ಯಾರಾದ್ರೂ 'ನಿಮ್ಮಪ್ಪ ಏನ್ ಮಾಡ್ತಾರ' ಅಂತ ಕೇಳಿದ್ರೆ ಏನಂತೀಯ?"

"ಲಾರಿ ಹೊಡೀತಾನ."

"'ನಿಮ್ಮಪ್ಪ ಏನ್ ಮಾಡಾಕತ್ತಾರ' ಅಂತ ಕೇಳಿದ್ರೆ?"

ಗಡಿಯಾರ ನೋಡಿದಳು. ಹತ್ತು ಗಂಟೆ. "ಮಕ್ಕೊಂಡಾನ."

ಒಂದು ಕ್ಷಣ ಬಿಟ್ಟು ಅವಳೇ ನಕ್ಕಳು. "ಅಂದ್ರ ನಾ ಬರದದ್ದು, ಅಪ್ಪ ಈಗ ಲಾರಿ ಹೊಡ್ಯಾಕತ್ತಾನ ಅಂದಂಗಾತು!"

ಇಷ್ಟೇ ವಿಷಯ. 'ಹೊಡೀತಾನ' ಅನ್ನೋದು ಮನುಷ್ಯ ಮಲಗಿದ್ರೂ ನಿಜ. 'ಹೊಡ್ಯಾಕತ್ತಾನ' ಅನ್ನೋದು ಕೈಯಲ್ಲಿ ಸ್ಟೀರಿಂಗ್ ಇದ್ರೆ ಮಾತ್ರ ನಿಜ. ಮೊದಲನೆಯದು ಇಂಗ್ಲಿಷಿನ 'ಡ್ರೈವ್ಸ್', ಎರಡನೆಯದು 'ಈಸ್ ಡ್ರೈವಿಂಗ್'. ಬೆಂಗಳೂರು ಕನ್ನಡದಲ್ಲೂ ಈ ವ್ಯತ್ಯಾಸ ಇದೆ, 'ಮಾಡ್ತೀನಿ' ಮತ್ತು 'ಮಾಡ್ತಾ ಇದೀನಿ'. ಆದ್ರೆ ಅವಸರದಲ್ಲಿ ನಾವು 'ಮಾಡ್ತಿದೀನಿ' ಅಂತ ನುಂಗಿಬಿಡ್ತೀವಿ, ಎರಡೂ ಹತ್ತಿರ ಹತ್ತಿರ ಕೇಳಿಸುತ್ತೆ. ಬ್ಯಾಡಗಿ ಕನ್ನಡದಲ್ಲಿ ಆ ಗೊಂದಲಕ್ಕೆ ಜಾಗವೇ ಇಲ್ಲ. ಯಾವ ಪದ ಕೇಳಿ ಹುಡುಗೀರು ನಕ್ಕಿದ್ರೋ ಅದೇ ಪದ ಅವಳಿಗೆ ಇಂಗ್ಲಿಷ್ ವ್ಯಾಕರಣದ ಅರ್ಧ ಅಧ್ಯಾಯ ಹೇಳಿಕೊಡ್ತು. ಅವತ್ತಿಂದ ನಮ್ಮ ನಿಯಮ: 'ಆಕತ್ತ' ಅಂತ ಹೇಳೋಕಾದ್ರೆ ಮಾತ್ರ 'ಇಂಗ್'. ಇಲ್ಲಾಂದ್ರೆ ಬೇಡ.

'ನೋಯಿಂಗ್' ಮೇಲೆ ಈ ನಿಯಮ ಪ್ರಯೋಗ ಮಾಡಿದ್ವಿ. 'ನನಗ ಟ್ಯಾಲಿ ಗೊತ್ತೈತಿ.' ಇದಕ್ಕೆ 'ಆಕತ್ತ' ಸೇರಿಸು ಅಂದೆ. "ಗೊತ್ತಾಗಾಕತ್ತೈತಿ" ಅಂದಳು, ಅಂದವಳೇ ತಲೆ ಅಲ್ಲಾಡಿಸಿದಳು. ಗೊತ್ತಾಗಾಕತ್ತೈತಿ ಅಂದ್ರೆ ಈಗ ತಾನೇ ತಲೆಗೆ ಹೋಗ್ತಿದೆ, ಇನ್ನೂ ಪೂರ್ತಿ ಗೊತ್ತಿಲ್ಲ ಅಂತ. ಕೆಲಸ ಕೊಡೋರ ಮುಂದೆ ಯಾರಾದ್ರೂ ಹಾಗಂತಾರಾ? ಗೊತ್ತು, ಬೇಕು, ಇಷ್ಟ, ಸಾಕು, ಇದೆ. ಕನ್ನಡದಲ್ಲಿ ಇವೆಲ್ಲ ಕೆಲಸಗಳಲ್ಲ, ಸ್ಥಿತಿಗಳು. 'ನಾನು ಬೇಕಾಗ್ತಾ ಇದೀನಿ' ಅಂತ ಕಾಫಿ ಕೇಳೋರು ಯಾರೂ ಇಲ್ಲ. ಇಂಗ್ಲಿಷಿನಲ್ಲೂ ನೋ, ವಾಂಟ್, ಲೈಕ್, ನೀಡ್, ಸ್ವಂತದ್ದು ಅನ್ನೋ ಅರ್ಥದ ಹ್ಯಾವ್ ಇವೆಲ್ಲ ಹಾಗೇ. 'ಐ ನೋ ಟ್ಯಾಲಿ. ಐ ಲೈಕ್ ಅಕೌಂಟ್ಸ್. ಐ ಹ್ಯಾವ್ ಒನ್ ಬ್ರದರ್.' ಮೂರು ಸಾಲು ಒಂದೇ ಏಟಿಗೆ ನೆಟ್ಟಗಾಯಿತು.

"ಮತ್ತ ಮೆಕ್‌ಡೊನಾಲ್ಡ್ಸ್‌ನಾಗ 'ಐ ಆಮ್ ಲವಿನ್ ಇಟ್' ಅಂತ ಬರದಿರ್ತಾರಲ್ಲ?" ಅಂತ ಕೇಳಿದಳು. ಒಳ್ಳೇ ಪ್ರಶ್ನೆ. 2003ರಲ್ಲಿ ಬಂದ ಆ ಘೋಷಣೆ ಬೇಕಂತಲೇ ನಿಯಮ ಮುರಿದಿದ್ದು, ತಿನ್ನೋ ಆ ಗಳಿಗೆಯ ಖುಷಿ ಹೇಳೋಕೆ. ನಿಯಮ ಗೊತ್ತಿದ್ದು ಮುರಿಯೋರಿಗೆ ಜಾಹೀರಾತು ಬರೆಯೋ ಕೆಲಸ ಸಿಗುತ್ತೆ, ನೀನು ಹೋಗ್ತಿರೋದು ಅಕೌಂಟ್ಸ್‌ಗೆ ಅಂದೆ.

ಮುಂದಿನ ತೊಂದರೆ 'ಎಸ್'. ಹಿ ಗೋ ಅನ್ಬಾರ್ದು, ಹಿ ಗೋಸ್ ಅನ್ಬೇಕು. ಯಾಕೆ? ಶಾಲೆಯಲ್ಲಿ ಉತ್ತರ: ರೂಲ್. ನಿಜವಾದ ಉತ್ತರ ನಮಗೆ ಅರ್ಥ ಆಗೋವಂಥದ್ದೇ. ಕನ್ನಡದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬಾಲ ಇದೆ: ಹೋಗ್ತೀನಿ, ಹೋಗ್ತೀಯ, ಹೋಗ್ತಾನೆ, ಹೋಗ್ತಾಳೆ, ಹೋಗುತ್ತೆ, ಹೋಗ್ತಾರೆ. ಒಂದು ಕಾಲದಲ್ಲಿ ಇಂಗ್ಲಿಷಿಗೂ ಹೀಗೆ ಬಾಲಗಳಿದ್ದವು. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ 'ಗೋಯೆತ್' ಅಂತಲೇ ಇದೆ. ಶೇಕ್ಸ್‌ಪಿಯರ್ 'ಎತ್' ಮತ್ತು 'ಎಸ್' ಎರಡನ್ನೂ ಬಳಸ್ತಾನೆ. 'ಎಸ್' ಬಂದಿದ್ದು ಇಂಗ್ಲೆಂಡಿನ ಉತ್ತರದವರ ಮಾತಿನಿಂದ. ನಿಧಾನವಾಗಿ ಲಂಡನ್ನಿಗೆ ಇಳೀತು, ಕೊನೆಗೆ ಅದೇ ಸ್ಟ್ಯಾಂಡರ್ಡ್ ಆಯ್ತು. ಮಿಕ್ಕ ಬಾಲಗಳೆಲ್ಲ ಉದುರಿಹೋದವು, ಇದೊಂದು ಉಳೀತು. ಇವತ್ತಿಗೂ ನಾರ್ಫಕ್ ಕಡೆಯ ಹಳೇ ಆಡುಮಾತಿನಲ್ಲಿ ಅದೂ ಇಲ್ಲ, ಅಲ್ಲಿಯ ಇಂಗ್ಲಿಷರು 'ಶಿ ಗೋ' ಅಂತಾರೆ.

ಇದನ್ನು ಕೇಳಿ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಅಂದ್ರ ಅದು ಅವರ ಉತ್ತರ ಕರ್ನಾಟಕದ ಮಾತೇನು?" ಹೂಂ ಕಣೇ, ಹೆಚ್ಚುಕಮ್ಮಿ ಹಾಗೇ.

ಆದ್ರೆ 'ಎಸ್' ಬಿಟ್ಟರೆ ಇಂಟರ್‌ವ್ಯೂ ಮಾಡೋರು ನಾರ್ಫಕ್ ನೆನಪಿಸಿಕೊಳ್ಳಲ್ಲ, ಮಾರ್ಕ್ಸ್ ಕಟ್ ಮಾಡ್ತಾರೆ. ಅರ್ಥಕ್ಕೇನೂ ಕೊರತೆ ಆಗದ ಒಂದೇ ಒಂದು ಅಕ್ಷರ, 'ಇವರು ಎಲ್ಲಿಂದ ಬಂದೋರು' ಅಂತ ಅಳೆಯೋ ಪಟ್ಟಿಯಾಗಿ ಕೂತಿದೆ. ನ್ಯಾಯ ಅಲ್ಲ. ಆದ್ರೂ ಹೇಳಿಕೊಡಲೇಬೇಕು.

'ಡಸ್' ಬಂದಾಗ ಇನ್ನೊಂದು ಎಡವಟ್ಟು. 'ಡಸ್ ಹಿ ಗೋಸ್?', 'ಹಿ ಡಸಂಟ್ ಗೋಸ್.' ಒಂದೇ ಮನೆಗೆ ಎರಡು ಬೀಗ. ಇಲ್ಲೂ ಕನ್ನಡವೇ ಕೈ ಹಿಡೀತು. ಈ ಮೂರನ್ನು ಜೋರಾಗಿ ಹೇಳಿ ನೋಡಿ: ನಾನು ಹೋಗಲ್ಲ, ಅವನು ಹೋಗಲ್ಲ, ಅವರು ಹೋಗಲ್ಲ. ಪುಸ್ತಕದ ಕನ್ನಡದಲ್ಲಾದ್ರೂ ಅಷ್ಟೇ: ಹೋಗುವುದಿಲ್ಲ, ಹೋಗುವುದಿಲ್ಲ, ಹೋಗುವುದಿಲ್ಲ. ಹೌದು ಅನ್ನುವಾಗ ಇದ್ದ ನೀನಿ-ತಾನೆ-ತಾಳೆ ಎಲ್ಲ, ಇಲ್ಲ ಅನ್ನುತ್ತಲೇ ಮಾಯ! ದಿನಾ ಬಳಸೋ ಮಾತು, ಯಾರೂ ಗಮನಿಸಿರಲ್ಲ. ಇಂಗ್ಲಿಷಿನಲ್ಲೂ 'ಇಲ್ಲ' ಬಂದಾಗ ಕ್ರಿಯಾಪದದ ಬಾಲ ಹೋಗುತ್ತೆ. ಗೋಸ್ ಇದ್ದಿದ್ದು ಗೋ ಆಗುತ್ತೆ, 'ಎಸ್' ಎದ್ದು 'ಡು' ಹತ್ರ ಹೋಗಿ 'ಡಸ್' ಆಗಿ ಕೂರುತ್ತೆ. ಪ್ರಶ್ನೆ ಕೇಳುವಾಗಲೂ ಅದೇ. 'ಹೋಗಲ್ಲ' ನೆನಪಿದ್ದರೆ 'ಡಸಂಟ್ ಗೋ' ಮರೆಯಲ್ಲ.

ಹಾಗಂತ ಎಲ್ಲ ಕಡೆ ಕನ್ನಡ ಹಿಡ್ಕೊಂಡು ಹೋಗೋಕಾಗಲ್ಲ. 'ನಾಳೆ ಬರ್ತೀನಿ' ಅನ್ನೋದು ಶುದ್ಧ ಕನ್ನಡ, 'ಐ ಕಮ್ ಟುಮಾರೋ' ಕೆಟ್ಟ ಇಂಗ್ಲಿಷ್. ನಮ್ಮ 'ಬರ್ತೀನಿ' ದಿನಾ ಬರೋದಕ್ಕೂ ಆಗುತ್ತೆ, ನಾಳೆ ಬರೋದಕ್ಕೂ ಆಗುತ್ತೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ವಾದಿಸಿದ ಭಾಷಾ ವಿದ್ವಾಂಸ ಡಿ. ಎನ್. ಶಂಕರ ಭಟ್ಟರು, ಕನ್ನಡದಲ್ಲಿ ಇರೋದು ಮೂರು ಕಾಲ ಅಲ್ಲ, ಎರಡೇ ಅಂದರು. ಆಗಿಹೋಗಿದ್ದು ಒಂದು, ಆಗಿಹೋಗದೆ ಇರೋದು ಇನ್ನೊಂದು. ತಮಾಷೆ ಅಂದ್ರೆ ಇಂಗ್ಲಿಷಿನ ಪಂಡಿತರೂ ಹೆಚ್ಚುಕಮ್ಮಿ ಇದನ್ನೇ ಹೇಳ್ತಾರೆ. 2002ರಲ್ಲಿ ಬಂದ, ಹಡಲ್‌ಸ್ಟನ್ ಮತ್ತು ಪುಲ್ಲಂ ಅವರ ದಪ್ಪನೆಯ ಕೇಂಬ್ರಿಡ್ಜ್ ವ್ಯಾಕರಣದ ಪ್ರಕಾರ ಇಂಗ್ಲಿಷಿಗೆ ಫ್ಯೂಚರ್ ಟೆನ್ಸೇ ಇಲ್ಲ, 'ವಿಲ್' ಅನ್ನೋದು ಬೇರೆ ಜಾತಿಯ ಸಹಾಯಕ ಕ್ರಿಯಾಪದ. ಶಾಲೆಯಲ್ಲಿ ಎರಡೂ ಭಾಷೆಗೆ ಮೂರು ಮೂರು ಕಾಲ ಹೊಲಿಸಿ ತೊಡಿಸಿದ್ದಾರೆ.

ಆದ್ರಿಂದ ಇಂಗ್ಲಿಷಿನಲ್ಲೂ ಸಿಂಪಲ್ ಪ್ರೆಸೆಂಟ್ ನಾಳೆಗೆ ಹೋಗಬಲ್ಲದು, ಆದ್ರೆ ಟಿಕೆಟ್ ಇದ್ರೆ ಮಾತ್ರ. 'ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ' ಸರಿ, ಯಾಕಂದ್ರೆ ಅದು ವೇಳಾಪಟ್ಟಿಯಲ್ಲಿ ಅಚ್ಚಾಗಿದೆ. ನಿಮ್ಮ ಮನಸ್ಸಿನಲ್ಲಿರೋದಕ್ಕೆ 'ವಿಲ್' ಬೇಕು, ಇಲ್ಲಾ 'ಆಮ್ ಕಮಿಂಗ್' ಬೇಕು. ಇನ್ನು 'ಇಫ್ ಐ ವಿಲ್ ಗೆಟ್ ದಿಸ್ ಜಾಬ್' ಅನ್ನೋದು ಇಂಟರ್‌ವ್ಯೂಗಳಲ್ಲಿ ಬಹಳ ಕೇಳಿಬರೋ ಸಾಲು. ಕೆಲಸ ಸಿಕ್ಕರೆ ಅನ್ನುವಾಗ ಕನ್ನಡದಲ್ಲಿ ಭವಿಷ್ಯತ್ತು ಎಲ್ಲಿದೆ? 'ಸಿಕ್ಕ'ದ ಮೇಲೆ 'ರೆ' ಹಾಕ್ತೀವಿ, ಅಷ್ಟೇ. ಇಂಗ್ಲಿಷಿನಲ್ಲೂ 'ಇಫ್' ಹಿಂದೆ 'ವಿಲ್' ಬೇಡ, 'ಇಫ್ ಐ ಗೆಟ್' ಸಾಕು.

ಹಾಗಾದ್ರೆ ಈ ಪ್ರೆಸೆಂಟ್ ನಿಜವಾಗಿಯೂ 'ಈಗ' ಆಗೋದು ಯಾವಾಗ? ಕ್ರಿಕೆಟ್ ಕಾಮೆಂಟರಿಯಲ್ಲಿ ಆಗುತ್ತೆ, ಚೆಂಡು ಬ್ಯಾಟಿಗೆ ತಾಗೋ ಅಷ್ಟರಲ್ಲಿ 'ಹಿಟ್ಸ್' ಅಂದಿರ್ತಾರೆ. ಇನ್ನೊಂದು ಕಡೆ ಆಗುತ್ತೆ: ಹೇಳೋದೇ ಮಾಡೋದಾದಾಗ. 'ಐ ಪ್ರಾಮಿಸ್', 'ಐ ರಿಸೈನ್'. ಹಾಗಂದ ಕ್ಷಣಕ್ಕೆ ಮಾತು ಕೊಟ್ಟಾಯ್ತು, ರಾಜೀನಾಮೆ ಆಯ್ತು. ತತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ಇದರ ಮೇಲೇ ಉಪನ್ಯಾಸ ಮಾಲೆ ಕೊಟ್ಟರು. ನಾವು ಓದದೇ ಒತ್ತೋ 'ಐ ಅಗ್ರೀ' ಬಟನ್ ಇದೇ ಜಾತಿ. ಅಲ್ಲಿ 'ಐ ಆಮ್ ಅಗ್ರೀಯಿಂಗ್' ಅಂತ ಇದ್ದಿದ್ರೆ, ಇನ್ನೂ ಯೋಚನೆ ಮಾಡ್ತಿದೀನಿ ಅಂತ ಜಾರಿಕೊಳ್ಳಬಹುದಿತ್ತೇನೋ.

ಮಿಕ್ಕ ಕಡೆಯೆಲ್ಲ ಸಿಂಪಲ್ ಪ್ರೆಸೆಂಟ್ ಮಾಡೋದು ಒಂದೇ ಕೆಲಸ. ಅದು ಹಕ್ಕು ಸಾಧಿಸುತ್ತೆ. ಇದು ಹೀಗೇ ಇರೋದು ಅಂತ ಹೇಳುತ್ತೆ. ವ್ಯಾಕರಣ ಪುಸ್ತಕಗಳ ಮುದ್ದಿನ ಉದಾಹರಣೆ ನೀರು ನೂರು ಡಿಗ್ರಿಗೆ ಕುದಿಯುತ್ತೆ ಅನ್ನೋದು. ಸಮುದ್ರ ಮಟ್ಟದಲ್ಲಿ ಸರಿ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ಅನ್ನಕ್ಕೆ ಇಟ್ಟ ಎಸರು ಸುಮಾರು 97ಕ್ಕೇ ಕುದಿಯೋಕೆ ಶುರು. ಸತ್ಯ ಅಂತ ಹೇಳೋ ಮುಂಚೆ ಎಲ್ಲಿ ನಿಂತಿದೀವಿ ನೋಡ್ಕೋಬೇಕು.

ಇದು ಬರೀ ಹಳ್ಳಿಯಿಂದ ಬಂದ ಹುಡುಗಿಯ ಕಷ್ಟ ಅಂದ್ಕೋಬೇಡಿ. ಕಳೆದ ವರ್ಷ ನನ್ನ ಪಕ್ಕದ ಡೆಸ್ಕಿನಲ್ಲಿದ್ದ ಗೆಳೆಯನನ್ನು ಒಂದು ಮಂಗಳವಾರ ಹದಿನೈದು ನಿಮಿಷದ ಕಾಲ್‌ನಲ್ಲಿ ಮನೆಗೆ ಕಳಿಸಿದ್ರು. ಎರಡು ತಿಂಗಳು ಅವನು ಮದುವೆ, ನಾಮಕರಣ ಎಲ್ಲೂ ಬರಲಿಲ್ಲ. ಕೇಳಿದ್ದಕ್ಕೆ ಹೇಳಿದ, "ಎಲ್ಲರೂ 'ವಾಟ್ ಡು ಯೂ ಡು' ಅಂತಾನೇ ಶುರು ಮಾಡ್ತಾರೆ ಮಾರಾಯ್ತಿ. ಐ ವರ್ಕ್ ಅಟ್ ಅಂತ ಬಾಯಿ ತೆಗೆದರೆ ಆಮೇಲೆ ಹಾಕೋಕೆ ಹೆಸರಿಲ್ಲ." ಲಿಂಕ್ಡ್‌ಇನ್‌ನಲ್ಲಿ 'ಪ್ರೆಸೆಂಟ್' ಅಂತ ಇದ್ದ ಜಾಗದಲ್ಲಿ ಒಂದು ತಿಂಗಳ ಹೆಸರು ಹಾಕೋಕೆ ಅವನಿಗೆ ಹತ್ತು ವಾರ ಹಿಡೀತು. ಕೆಲಸ ಹೋದಾಗ ಸಂಬಳದ ಜೊತೆ ಒಂದು ಟೆನ್ಸೂ ಹೋಗುತ್ತೆ. ಆಮೇಲೆ ಒಂದು ದಿನ ಅವನೇ ದಾರಿ ಹುಡುಕಿಕೊಂಡ. 'ಐ ಬಿಲ್ಡ್ ಪೇಮೆಂಟ್ ಸಿಸ್ಟಮ್ಸ್' ಅನ್ನೋಕೆ ಶುರು ಮಾಡಿದ. ಅದು ಕಂಪನಿ ಕೊಟ್ಟಿದ್ದಲ್ಲ, ಕಂಪನಿ ಕಿತ್ಕೊಳ್ಳೋಕೂ ಆಗಲ್ಲ.

ಈಗ ಚಿಕ್ಕಪ್ಪನ ವಿಷಯ. ಅಪ್ಪ ಏನ್ ಮಾಡ್ತಾನೆ ಅಂದಾಗ ಅವಳು ಥಟ್ಟನೆ 'ಲಾರಿ ಹೊಡೀತಾನ' ಅಂದಳಲ್ಲ, ಆ ಹೊತ್ತಿಗೆ ಚಿಕ್ಕಪ್ಪ ಲಾರಿ ಬಿಟ್ಟು ಒಂದೂವರೆ ವರ್ಷ ಆಗಿತ್ತು. ಶುಗರ್ ಕಣ್ಣಿಗೆ ಇಳಿದಿತ್ತು. ಬ್ಯಾಡಗಿ ಮಾರ್ಕೆಟ್ಟಿನಿಂದ ಮುಂಬೈಗೆ ಮೆಣಸಿನಕಾಯಿ ಚೀಲ ಸಾಗಿಸ್ತಿದ್ದ ಮನುಷ್ಯ, ಈಗ ಕಟ್ಟೆ ಮೇಲೆ ಕೂತು ಹೈವೇ ಕಡೆಯಿಂದ ಬರೋ ಹಾರ್ನ್ ಕೇಳಿ ಯಾವ ಗಾಡಿ ಅಂತ ಹೇಳ್ತಾರೆ. ಮನೆಯಲ್ಲಿ ಯಾರೂ 'ಹೊಡೀತಿದ್ದ' ಅನ್ನಲ್ಲ. ಅನ್ನಬಾರದು ಅಂತ ಯಾರೂ ಹೇಳಿಲ್ಲ, ಆದ್ರೂ ಅನ್ನಲ್ಲ.

ಇಂಟರ್‌ವ್ಯೂಗೆ ಎರಡು ದಿನ ಇದ್ದಾಗ ಆ ಸಾಲಿನ ಹತ್ರ ನಿಂತಳು. "ಅಕ್ಕಾ, ಡ್ರೈವ್ಸ್ ಅಂತ ಹೇಳ್ಲೋ, ಡ್ರೋವ್ ಅಂತ ಹೇಳ್ಲೋ?"

ವ್ಯಾಕರಣದ ಪ್ರಕಾರ ಉತ್ತರ ಸುಲಭ. ಮಲಗಿದ್ದವನು ಎದ್ದು ಮತ್ತೆ ಗಾಡಿ ಹತ್ತೋದಾದ್ರೆ ಡ್ರೈವ್ಸ್. ಇನ್ನು ಹತ್ತೋದೇ ಇಲ್ಲ ಅಂದ್ರೆ ಡ್ರೋವ್. 'ಹಿ ಡ್ರೈವ್ಸ್' ಅಂದ್ರೆ ಸುಳ್ಳು. 'ಹಿ ಡಸ್ ನಥಿಂಗ್' ಅಂದ್ರೆ ಅದೂ ಸುಳ್ಳೇ, ಅದಕ್ಕಿಂತ ದೊಡ್ಡದು. ನಾನು ಏನೂ ಹೇಳಲಿಲ್ಲ. ಇದು ನಾನು ತಿದ್ದೋ ಸಾಲಲ್ಲ ಅನ್ನಿಸ್ತು. ಅವಳು ಪೆನ್ನು ಕಚ್ಚುತ್ತಾ ಬಹಳ ಹೊತ್ತು ಕೂತಳು. ನಾನು ಪಾತ್ರೆ ತೊಳೆದು ಬರೋ ಹೊತ್ತಿಗೆ ಬರೆದಿಟ್ಟಿದ್ದಳು: 'ಮೈ ಫಾದರ್ ಡ್ರೋವ್ ಎ ಲಾರಿ ಫಾರ್ ಟ್ವೆಂಟಿ ಸಿಕ್ಸ್ ಇಯರ್ಸ್. ಹಿ ನೋಸ್ ಎವ್ರಿ ರೋಡ್ ಫ್ರಮ್ ಬ್ಯಾಡಗಿ ಟು ಮುಂಬೈ.'

ಡ್ರೋವ್, ಆಮೇಲೆ ನೋಸ್. ಮಾಡೋ ಕೆಲಸ ಹಿಂದಕ್ಕೆ ಹೋಯ್ತು, ತಿಳಿದಿದ್ದು ಇಲ್ಲೇ ಉಳೀತು. 'ಇಂಗ್' ಇಲ್ಲ. 'ಎಸ್' ಇದೆ. ಮೂರು ವಾರದ ಪಾಠ ಎರಡು ಸಾಲಿನಲ್ಲಿತ್ತು, ಅದರ ಜೊತೆ ನಾನು ಹೇಳಿಕೊಡದೇ ಇದ್ದಿದ್ದೂ ಇತ್ತು. ಮನೆಯವರೆಲ್ಲ ಒಂದೂವರೆ ವರ್ಷದಿಂದ ಆಡದೇ ಇದ್ದ 'ಹೊಡೀತಿದ್ದ'ವನ್ನು ಅವಳು ಇಂಗ್ಲಿಷಿನಲ್ಲಿ ಆಡಿದ್ದಳು.

ಅವಳಿಗೆ ಆ ಕೆಲಸ ಸಿಗಲಿಲ್ಲ. ಮುಂದಿನ ತಿಂಗಳು ಇನ್ನೊಂದು ಕಡೆ ಸಿಕ್ತು, ಅಲ್ಲಿ ಅಪ್ಪನ ಬಗ್ಗೆ ಯಾರೂ ಕೇಳಲೇ ಇಲ್ಲ. ಆದ್ರೂ ಆ ಎರಡು ಸಾಲನ್ನು ಅವಳು ಮರೆತಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ತಮ್ಮನಿಗೆ ಹೇಳಿಕೊಡ್ತಿದ್ದಳಂತೆ. ಕಟ್ಟೆ ಮೇಲಿದ್ದ ಚಿಕ್ಕಪ್ಪ 'ಮುಂಬೈ' ಅನ್ನೋದು ಕಿವಿಗೆ ಬಿದ್ದು, ಏನದು ಅಂತ ಕೇಳಿದ್ರಂತೆ. "ಬ್ಯಾಡಗಿಯಿಂದ ಮುಂಬೈತನಕ ಎಲ್ಲಾ ರಸ್ತೆ ನಿನಗ ಗೊತ್ತೈತಿ ಅಂತ ಬರದೇನಿ" ಅಂದಳಂತೆ.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತೈತಿ ಖರೆ. ಆದ್ರ ಈಗ ಬೈಪಾಸ್ ಭಾಳ ಆಗ್ಯಾವಂತ, ಯಾರನ್ನರ ಕೇಳ್ಕೊಂಡು ಬರಿ" ಅಂದ್ರಂತೆ.